ಒಂದೇ ಮೀಟರಿನ ಎರಡು ಮನೆ

"ಮಿಷಿನ್ ಕೊಟ್ಟೋರು ಮಿಷಿನ್ ಚೆನ್ನಾಗದೆ ಅಂತಾರೆ, ಕರೆಂಟ್ ಆಫೀಸ್ನೋರು ಕರೆಂಟ್ ಚೆನ್ನಾಗದೆ ಅಂತಾರೆ. ಎರಡೂ ಚೆನ್ನಾಗಿದ್ರೆ ಇದ್ಯಾಕಕ್ಕ ಇಂಗೆ ಬಡ್ಕತದೆ? ವಸಿ ಬಂದು ನೋಡಿ."

ಫೋನು ಮಾಡಿದವನನ್ನು ನಾನು ಕಂಡವಳಲ್ಲ. ಯಾವ ಮಿಷಿನ್ನಪ್ಪ ಎಂದೆ. ಹೆಂಡತಿಗೆ ಆಕ್ಸಿಜನ್ ಕೊಡುವ ಮಿಷಿನ್ನು ಎಂದ. ಕೆಟ್ಟಿದ್ದು ಪಂಪೋ ಗೀಸರೋ ಆಗಿದ್ದರೆ ನಾಳೆ ಬರುತ್ತೇನೆ ಎಂದು ಹೇಳಿ ನಾಡಿದ್ದು ಹೋಗುವುದು ನಮ್ಮ ಕಸುಬಿನವರ ಅಭ್ಯಾಸ. ಉಸಿರಿನ ವಿಷಯದಲ್ಲಿ ಹಾಗೆ ಮಾಡಲಾಗದು. ಗುತ್ತಲಿನಲ್ಲಿ ನಡೆಯುತ್ತಿದ್ದ ಒಂದು ಹೊಸ ಮನೆಯ ವೈರಿಂಗನ್ನು ಅರ್ಧಕ್ಕೆ ಬಿಟ್ಟು, ನನ್ನ ಜೊತೆ ಕೆಲಸ ಮಾಡುವ ವೈರ್‌ಮನ್ ಸಾಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆತಗೂರು ಕಡೆಗೆ ಹೊರಟೆ.

ಅದು ಒಂದು ದೊಡ್ಡ ಹಳೇ ಮನೆ, ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮೂಡಲ ಪಾಲು ಅಣ್ಣನದು, ಪಡುವಲ ಪಾಲು ನನ್ನನ್ನು ಕರೆದ ತಮ್ಮನದು. ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಭಾಗವಾಗುವಾಗ ಪಾತ್ರೆ ಪಡಗ, ದನಕರು, ತೆಂಗಿನ ಮರ, ಗದ್ದೆಯ ಬದು ಎಲ್ಲವನ್ನೂ ಎಣಿಸಿ ಹಂಚಿಕೊಳ್ಳುತ್ತಾರೆ. ಕರೆಂಟಿನ ಮೀಟರು ಮಾತ್ರ ಸತ್ತ ಅಪ್ಪನ ಹೆಸರಿನಲ್ಲೇ ಅಣ್ಣನ ಜಗಲಿಯಲ್ಲಿ ಉಳಿದುಬಿಡುತ್ತದೆ. ತಮ್ಮನ ಪಾಲಿಗೆ ಗೋಡೆಯ ಮೇಲಿಂದ ಒಂದು ವೈರು ಇಳಿಯುತ್ತದೆ. ಯಾರಾದರೂ ಕೇಳಿದರೆ, ಮನೆ ಎರಡಾದರೂ ಮೀಟರು ಒಂದೇ ಅಲ್ಲವೇ ಎಂದು ನಗುತ್ತಾರೆ. ಅಣ್ಣ ತಮ್ಮಂದಿರ ಒಗ್ಗಟ್ಟಿಗೆ ಉಳಿದಿರುವ ಗುರುತು ಅದೊಂದೇ ಇರಬೇಕು.

ತಮ್ಮನ ಹೆಂಡತಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಶ್ವಾಸಕೋಶ ದಿನದಿನಕ್ಕೆ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಮೂಗಿನಿಂದ ಹೊರಟ ಸಣ್ಣ ಪೈಪು ಮಂಚದ ಪಕ್ಕದ ಮಿಷಿನ್ನಿಗೆ ಸೇರಿತ್ತು. ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು.

"ಬನ್ನಿ ಅಕ್ಕ, ಕೂತ್ಕಳಿ. ಕಾಪಿ ಕಾಯ್ಸಿ ಕೊಡವ ಅಂದ್ರೆ ಈ ಪೈಪು ಅಡ್ಗೆಮನೆ ಗಂಟ ಬರಕಿಲ್ಲ," ಎಂದು ನಕ್ಕಳು. ನಗುವುದಕ್ಕೂ ಅವಳು ಎರಡು ಸಲ ನಿಲ್ಲಬೇಕಾಯಿತು.

ಪ್ಲಗ್ಗಿನಲ್ಲಿ ನನ್ನ ವೋಲ್ಟ್ ಅಳೆಯುವ ಮೀಟರಿನ ಕಡ್ಡಿ ಇಟ್ಟೆ. ನೂರ ತೊಂಬತ್ತಮೂರು ವೋಲ್ಟ್ ತೋರಿಸಿತು. ಇನ್ನೂರ ಮೂವತ್ತರ ಆಸುಪಾಸು ಇರಬೇಕಾದ ಜಾಗ ಅದು. ಇನ್ನೂರರ ಕೆಳಗೆ ಇಳಿದರೆ ಆ ಮಿಷಿನ್ನು ಕೂಗಿಕೊಳ್ಳುತ್ತದೆ, ಇನ್ನೂ ಇಳಿದರೆ ನಿಂತೇಬಿಡುತ್ತದೆ. ನಾನು ನೋಡುತ್ತಿದ್ದಂತೆಯೇ ಗೋಡೆಯಾಚೆ ಅಣ್ಣನ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೋಟಾರು ಗುರ್ರೆಂದಿತು. ಅಂಕಿ ನೂರ ಅರವತ್ತೈದಕ್ಕೆ ಕುಸಿಯಿತು. ಮಿಷಿನ್ನು ಕೂಗಿತು. ಹೆಂಗಸು ಕಣ್ಣು ಮುಚ್ಚಿ ಬಾಯಿಂದ ಉಸಿರೆಳೆಯತೊಡಗಿದಳು. ಗಂಡ ಓಡಿ ಬಂದು ಮೂಲೆಯಲ್ಲಿದ್ದ ಸಿಲಿಂಡರಿಗೆ ಪೈಪು ಬದಲಿಸಿದ. ಅದು ಕರೆಂಟು ಹೋದಾಗ ಬಳಸಲು ಇಟ್ಟದ್ದು, ಖಾಲಿಯಾದರೆ ಮಂಡ್ಯಕ್ಕೆ ಹೊತ್ತೊಯ್ದು ತುಂಬಿಸಬೇಕು. ನನಗೆ ಆ ಕ್ಷಣ ಭಯವಾಯಿತು.

ಅವಳು ಸಿಲಿಂಡರಿನಿಂದ ಉಸಿರಾಡುತ್ತಿದ್ದಷ್ಟು ಹೊತ್ತಿನಲ್ಲೇ ಲೈನನ್ನು ಪೂರ್ತಿ ನೋಡಿದೆವು. ಅಣ್ಣನ ಜಗಲಿಯ ಮೀಟರಿನಲ್ಲಿ, ಎರಡೂ ಮನೆಯ ಸ್ವಿಚ್ಚು ಆರಿಸಿದಾಗ ಇನ್ನೂರ ಹದಿನೆಂಟು ಇತ್ತು. ಹಳ್ಳಿಯ ಸಂಜೆಗೆ ಅದು ಪರವಾಗಿಲ್ಲ. ಮೇವಿನ ಮೋಟಾರು ಬಿಟ್ಟು ಮಿಕ್ಕ ಎಲ್ಲವನ್ನೂ ಹಾಕಿದರೆ ಅಲ್ಲೇ ಇನ್ನೂರೆರಡು. ಅಂದರೆ ಕಂಬದಿಂದ ಜಗಲಿಗೆ ಬರುವಷ್ಟರಲ್ಲಿ ಸರ್ವೀಸ್ ವೈರು ಹದಿನಾರು ವೋಲ್ಟ್ ನುಂಗುತ್ತಿತ್ತು. ಅದು ಅಪ್ಪನ ಕಾಲದ ಎರಡೂವರೆ ಎಂಎಂ ಅಲ್ಯೂಮಿನಿಯಂ. ನಾಲ್ಕು ಬಲ್ಬು, ಒಂದು ರೇಡಿಯೋ ಇದ್ದ ಮನೆಗೆ ಅದು ಸರಿಯಾಗಿಯೇ ಇತ್ತು. ಜಗಲಿಯಿಂದ ತಮ್ಮನ ಮಂಚಕ್ಕೆ ಬರುವಾಗ ಇನ್ನೊಂಬತ್ತು ವೋಲ್ಟ್ ಮಾಯ. ಅದು ಭಾಗವಾದಾಗ ಹಾಕಿದ ಒಂದು ಎಂಎಂ ವೈರು. ಗೋಡೆ ದಾಟುವಲ್ಲಿ ತಾಮ್ರಕ್ಕೂ ಅಲ್ಯೂಮಿನಿಯಂಗೂ ಕೈಯಲ್ಲೇ ತಿರುಚಿ ಟೇಪು ಸುತ್ತಿದ್ದರು. ಟೇಪು ಕರಗಿ ಕಪ್ಪಗಾಗಿತ್ತು. ಸಾಬರು ಮುಟ್ಟಿ ಕೈ ಕೊಡವಿಕೊಂಡರು. ಆ ಗಂಟು ಇದ್ದದ್ದು ಅವಳ ತಲೆದಿಂಬಿನಿಂದ ಒಂದು ಮಾರು ದೂರದಲ್ಲಿ. ಆಕ್ಸಿಜನ್ ಇರುವ ಕಡೆ ಬೀಡಿಯ ಕಿಡಿಯೂ ಪಂಜಾಗುತ್ತದೆ.

ಇದರ ಮೇಲೆ ಒಂದು ಸ್ಟೆಬಿಲೈಜರ್ ಬೇರೆ. "ಅದ್ ಆಕುದ್ ಮ್ಯಾಕೆ ವಸಿ ಪರ್ವಾಗಿಲ್ಲ ಕಣಕ್ಕ," ಎಂದ ತಮ್ಮ. ಪರವಾಗಿಲ್ಲದೆ ಏನು? ಸ್ಟೆಬಿಲೈಜರು ಕರೆಂಟನ್ನು ಹುಟ್ಟಿಸುವುದಿಲ್ಲವಲ್ಲ. ವೋಲ್ಟೇಜು ಕಮ್ಮಿ ಬಂದಷ್ಟೂ ಲೈನಿನಿಂದ ಹೆಚ್ಚು ಕರೆಂಟು ಎಳೆದು ಲೆಕ್ಕ ಸರಿಮಾಡುತ್ತದೆ. ಅದು ಎಳೆದಷ್ಟೂ ಸಣ್ಣ ತಂತಿ ಕಾಯುತ್ತದೆ. ಅಣ್ಣನ ಜಗಲಿಯ ಫ್ಯೂಸ್ ಕಟೌಟ್ ಬಿಚ್ಚಿದರೆ ಅಲ್ಲಿ ಫ್ಯೂಸ್ ತಂತಿಯ ಬದಲು ವೈರಿನ ದಪ್ಪ ಎಳೆಗಳನ್ನು ಹೊಸೆದು ಕಟ್ಟಿದ್ದರು. ಪದೇ ಪದೇ ಸುಟ್ಟುಹೋಗುತ್ತಿತ್ತಂತೆ, ಇನ್ನು ಸುಡುವುದಿಲ್ಲವಂತೆ! ಫ್ಯೂಸು ಸುಡದಿದ್ದರೆ ವೈರು ಸುಡುತ್ತದೆ ಎನ್ನುವುದನ್ನು ನಾನು ಈ ತಾಲೂಕಿನಲ್ಲಿ ಎಷ್ಟು ಜಗಲಿಗಳ ಮೇಲೆ ನಿಂತು ಹೇಳಿದ್ದೇನೋ.

ತಂತಿಯ ಗಾತ್ರ ಗೊತ್ತುಮಾಡುವುದು ದೊಡ್ಡ ವಿದ್ಯೆಯಲ್ಲ. ಎಷ್ಟು ಕರೆಂಟು ಹರಿಯುತ್ತದೆ, ಎಷ್ಟು ದೂರ ಹೋಗಬೇಕು, ಕಾಯದೆ ತಡೆದೀತೇ, ದಾರಿಯಲ್ಲಿ ಎಷ್ಟು ವೋಲ್ಟ್ ನುಂಗುತ್ತದೆ, ಇಷ್ಟು ನೋಡಿದರೆ ಆಯಿತು. ನನ್ನ ಲೆಕ್ಕದಲ್ಲಿ ತಮ್ಮನಿಗೆ ಬೇರೆಯದೇ ಮೀಟರು, ಕಂಬದಿಂದ ದಪ್ಪ ಸರ್ವೀಸ್ ಕೇಬಲ್ಲು, ಒಳಗೆ ನಾಲ್ಕು ಎಂಎಂ ತಾಮ್ರ, ಹೊರೆ ಮೀರಿದರೆ ತಾನೇ ಆರುವ ಎಂಸಿಬಿ ಮತ್ತು ಅರ್ತಿಂಗು ಬೇಕಿತ್ತು. ಮನೆಯ ಖಾತೆ ಇನ್ನೂ ಜಂಟಿಯಲ್ಲಿದ್ದುದರಿಂದ ಹೊಸ ಮೀಟರಿಗೆ ಅಣ್ಣನ ಒಪ್ಪಿಗೆಯ ಸಹಿ ಬೇಕು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಅಣ್ಣ ಕೆಟ್ಟವನಂತೆ ಕಾಣಲಿಲ್ಲ. ಡೈರಿಗೆ ಹಾಲು ಹಾಕುವ, ಹಸುಗಳನ್ನು ಹೆಸರು ಹಿಡಿದು ಕರೆಯುವ ಮನುಷ್ಯ. ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದ.

"ನಮ್ಮನೇಲಿ ಎಲ್ಲಾ ಓಡ್ತದೆ ಕಣ್ ಮೇಡಮ್ಮು. ಅವ್ನಿಗ್ ಮಾತ್ರ ಯಾಕ್ ಕಮ್ಮಿ ಆಯ್ತದೆ?"

ವೈರು ಸಣ್ಣದು, ದೂರ ಹೆಚ್ಚು ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿದ. ಸಹಿಯ ಮಾತು ಬಂದೊಡನೆ ಮುಖ ಬಿಗಿಯಿತು.

"ಇವತ್ತು ಮೀಟ್ರು ಬ್ಯಾರೆ ಅಂತಾನೆ, ನಾಳಿಕೆ ಇತ್ಲು ಬ್ಯಾರೆ ಅಂತಾನೆ. ನಮ್ಮಪ್ಪನ ಎಸ್ರಲ್ಲಿ ಉಳ್ದಿರೋದು ಇದೊಂದೇಯ. ಇದ್ನೂ ಒಡೀಬೇಕಾ? ಗ್ವಾಡೆ ಮ್ಯಾಗಳ ವೈರ್ ಬದ್ಲಾಯ್ಸಿ ಬೇಕಾರೆ. ಮೀಟ್ರು, ಕಂಬದ್ ವೈರು ಮುಟ್ಟಂಗಿಲ್ಲ."

ಹಿತ್ತಲು ಇನ್ನೂ ಭಾಗವಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಸಿಕ್ಕಿದ್ದು ಲಾಭ ಎಂದು ಒಪ್ಪಿಕೊಂಡೆ. ಜಗಲಿಯಿಂದ ಅವಳ ಕೋಣೆಗೆ ನಡುವೆ ಒಂದೂ ಗಂಟಿಲ್ಲದ ನಾಲ್ಕು ಎಂಎಂ ವೈರನ್ನು ಪೈಪಿನೊಳಗೆ ಎಳೆದೆವು. ಬೇರೆ ಎಂಸಿಬಿ ಕೂರಿಸಿದೆವು. ಹಿತ್ತಲಲ್ಲಿ ಅರ್ತಿಂಗ್ ಗುಂಡಿ ತೋಡಿದಾಗ ಅಣ್ಣನ ಕಡೆಯವರು ಬಂದು ಅಳತೆ ಹಿಡಿದರು. ಸಾಬರು, "ಇದ್ರಲ್ಲಿ ಉಪ್ಪು ಇದ್ಲು ಆಕದು ಕಣಣ್ಣ, ಗೂಟ ಒಡ್ದು ಜಾಗ ಇಡಿಯಾದಲ್ಲ," ಎಂದು ಸಮಾಧಾನ ಮಾಡಿದರು. ಅಣ್ಣನ ಕಟೌಟಿಗೆ ಸರಿಯಾದ ಫ್ಯೂಸ್ ತಂತಿ ಕಟ್ಟಿದೆ. ಸ್ಟೆಬಿಲೈಜರನ್ನು ತೆಗೆಸಿದೆ. ಮಂಚದ ಬಳಿ ಇನ್ನೂರರ ಮೇಲೆ ನಿಂತಿತು.

"ಅಬ್ಬ, ಸದ್ದೇ ಇಲ್ಲ ಕಣಕ್ಕ," ಎಂದಳು ಅವಳು. ಮೋಟಾರು ಶುರುವಾಗುವ ಗಳಿಗೆಯಲ್ಲಿ ಮಾತ್ರ ಮಿಷಿನ್ನು ಒಮ್ಮೆ ಚೀರಿ ಸುಮ್ಮನಾಗುತ್ತಿತ್ತು. ಮೇವು ಕತ್ತರಿಸುವ ಮುಂಚೆ ಒಂದು ಮಾತು ಹೇಳಿ, ಅವಳ ಪೈಪನ್ನು ಸಿಲಿಂಡರಿಗೆ ಹಾಕಿಕೊಳ್ಳುತ್ತಾರೆ ಎಂದು ಅಣ್ಣನನ್ನು ಕೇಳಿಕೊಂಡೆ. "ಅಸುಗೋಳು ಏಳಿ ಕೇಳಿ ಅಸಿತಾವಾ?" ಎಂದನೇ ಹೊರತು ಆಗುವುದಿಲ್ಲ ಎನ್ನಲಿಲ್ಲ. ಒಳ್ಳೆಯದೊಂದು ಕೆಲಸ ಮಾಡಿದೆ ಎಂದುಕೊಂಡೇ ಮಂಡ್ಯಕ್ಕೆ ಬಂದೆ.

ಬೇಸಿಗೆ ಏರುತ್ತಿದ್ದಂತೆ ಮತ್ತೆ ಫೋನು ಬಂತು. ಲೈಟು ಮಿಣುಕು ಮಿಣುಕು ಅನ್ನುತ್ತಿದೆ, ಮಿಷಿನ್ನು ಮೊದಲಿಗಿಂತ ಹೆಚ್ಚು ಕೂಗುತ್ತಿದೆ ಎಂದ ತಮ್ಮ. ಹೋಗಿ ನೋಡಿದರೆ ಅಣ್ಣ ಹಸು ಹೆಚ್ಚಿಸಿ ಹಾಲು ಕರೆಯುವ ಮಿಷಿನ್ನು ತಂದಿದ್ದ. ಅದೂ ಮೇವಿನ ಮೋಟಾರೂ ಒಟ್ಟಿಗೆ ಓಡಿದಾಗ ನಾನು ಕಟ್ಟಿದ ಫ್ಯೂಸು ಸುಟ್ಟಿತ್ತು, ಅವನು ಹಳೇ ದಪ್ಪ ಎಳೆಗಳನ್ನೇ ಮತ್ತೆ ಕಟ್ಟಿದ್ದ. ತಮ್ಮನೂ ಕಮ್ಮಿಯೇನಲ್ಲ. ನನಗೆ ಹೇಳದೆ ಇನ್ನೂ ದೊಡ್ಡ ಸ್ಟೆಬಿಲೈಜರ್ ತಂದಿಟ್ಟಿದ್ದ. ಇಬ್ಬರೂ ಸೇರಿ ಎಳೆಯುತ್ತಿದ್ದದ್ದು ಅಪ್ಪನ ಕಾಲದ ಆ ಒಂದೇ ಸರ್ವೀಸ್ ವೈರನ್ನು.

ಸಾಬರು ಏಣಿ ಹತ್ತಿದರು. ಕಂಬದಿಂದ ಬಂದ ವೈರು ಅಣ್ಣನ ಕೊಟ್ಟಿಗೆಯ ಮಾಡಿನ ಮೇಲೆ ಹಾಯ್ದು ಜಗಲಿಗೆ ಇಳಿಯುತ್ತಿತ್ತು. ಕಾದು ಕಾದು ಜೋತುಬಿದ್ದು ಮಾಡನ್ನೇ ಸವರುತ್ತಿತ್ತು. ಮೇಲಿನ ಪ್ಲಾಸ್ಟಿಕ್ಕು ಬಿಸ್ಕತ್ತಿನಂತೆ ಒಡೆದು, ಒಳಗಿನ ಅಲ್ಯೂಮಿನಿಯಂ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಕೆಳಗಿದ್ದದ್ದು ಒಣಗಿದ ಕಬ್ಬಿನ ಸೋಗೆಯ ಹೊದಿಕೆ. ಕೊಟ್ಟಿಗೆಯ ಗೋಡೆಯೇ ಅವಳ ಕೋಣೆಯ ಗೋಡೆ. ಸಾಬರು ಇಳಿದು ಬಂದು, "ಮೇಡಂ, ಇದು ಮುಂದಿನ್ ವಾರಕ್ ಕಾಯಲ್ಲ," ಎಂದರು.

ಅಣ್ಣನನ್ನು ಕರೆದು ತೋರಿಸಿದೆ. ಈಗಲೇ ಕೊಟ್ಟಿಗೆಯ ಮೋಟಾರು ನಿಲ್ಲಿಸಿ, ಕಂಬದ ವೈರು ಬದಲಿಸಲು ಬಿಡಿ ಎಂದೆ.

"ಇಷ್ಟ್ ವರ್ಸದಿಂದ ಏನೂ ಆಗಿಲ್ಲ. ನೀವು ಬಂದ್ ಮ್ಯಾಕೇ ಎಲ್ಲಾ ಆಯ್ತಾ ಇರದು. ನಿಮ್ ಕಿವಿ ಊದ್ಬುಟ್ಟವ್ನೆ ಅವ್ನು, ಮೀಟ್ರ್ ಬ್ಯಾರೆ ಮಾಡ್ಸಕೆ ಇದೊಂದ್ ನಾಟ್ಕ."

"ಬೆಂಕಿ ಬಿದ್ರೆ ನಿಮ್ ಹಸುಗಳೂ ಇರಲ್ಲ ಕಣ್ರೀ!" ಎಂದು ಕೂಗಿಯೇಬಿಟ್ಟೆ.

"ಬುಡವ್ವ, ನಮ್ಮನೆ ಬೆಂಕಿ ನಾವ್ ನೋಡ್ಕತೀವಿ."

ನಾನು ತಮ್ಮನ ಕೋಣೆಗೆ ಬಂದು ಕೂತೆ. ಬೆಂಕಿ ಬಿದ್ದರೆ ಅಣ್ಣ ಓಡುತ್ತಾನೆ, ತಮ್ಮ ಓಡುತ್ತಾನೆ, ಹಗ್ಗ ಬಿಚ್ಚಿದರೆ ಹಸುಗಳೂ ಓಡುತ್ತವೆ. ಆ ಮನೆಯಲ್ಲಿ ಓಡಲಾರದವಳು ಒಬ್ಬಳೇ. ಅಡುಗೆಮನೆಯ ತನಕ ಬಾರದ ಪೈಪಿನ ಜೊತೆ ಅವಳು ಬಾಗಿಲು ದಾಟುವುದು ಹೇಗೆ? ಲೈನನ್ನು ಹಾಗೇ ಬಿಟ್ಟು ಎದ್ದು ಬರಲು ನನಗೆ ಮನಸ್ಸಾಗಲಿಲ್ಲ. ಕರೆಂಟ್ ಆಫೀಸಿಗೆ ಫೋನು ಮಾಡಿದರೆ ಲೈನ್‌ಮನ್ ಬಂದು ಕಂಬದಲ್ಲೇ ಕತ್ತರಿಸುತ್ತಾನೆ. ಆಗ ಮಿಷಿನ್ನೂ ನಿಲ್ಲುತ್ತದೆ.

ಅವಳಿಗೇ ಹೇಳಿದೆ. ಮುಚ್ಚಿಡುವಂಥದ್ದು ಏನಿತ್ತು?

"ವಸಿ ದಿನಕ್ಕಾ ಅಕ್ಕ?" ಎಂದು ಕೇಳಿದಳು.

"ಅಣ್ಣ ಹೊಸ ವೈರು ಎಳೆಸಲೇಬೇಕಾಗುತ್ತೆ. ಕತ್ತಲೆಯಲ್ಲಿ ಅವರೂ ಎಷ್ಟು ದಿನ ಇರ್ತಾರೆ? ಅಲ್ಲೀವರೆಗೆ ತವರಿಗೆ ಹೋಗಿರಮ್ಮ."

"ಅಂಗಾರೆ ಕತ್ತರ್ಸಿ. ನನ್ ದೆಸೆಯಿಂದ ಆ ಮೂಕ್ ಪ್ರಾಣಿಗೋಳು ಯಾಕ್ ಸಾಯ್ಬೇಕು?"

ಫೋನು ಮಾಡಿದೆ. ಲೈನ್‌ಮನ್ ಬರುವುದರೊಳಗೆ ಅವಳನ್ನು ಸಿಲಿಂಡರಿನ ಸಮೇತ ಒಂದು ಬಾಡಿಗೆ ಕಾರಿನಲ್ಲಿ ಕೂರಿಸಿದ್ದೆವು. ಮದ್ದೂರಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಅಲ್ಲಿಂದ ಮಳವಳ್ಳಿಯ ತವರುಮನೆಗೆ ಕರೆದುಕೊಂಡು ಹೋದರು. ಮಿಷಿನ್ನು ಅವಳ ಗಂಡನ ತೊಡೆಯ ಮೇಲಿತ್ತು. ಕಂಬದ ಮೇಲೆ ವೈರು ಕತ್ತರಿಸಿದ್ದನ್ನು ನಾನು ನಿಂತು ನೋಡಿದೆ. ಅಣ್ಣ ನನ್ನ ಮುಂದೆಯೇ ನೆಲಕ್ಕೆ ಉಗಿದ.

ಮುಂದಿನದನ್ನು ನಾನು ಎಣಿಸಿರಲಿಲ್ಲ. ಅಣ್ಣ ಮಾರನೆಯ ದಿನವೇ ಬೇರೆ ಕಂಟ್ರಾಕ್ಟರನ್ನು ಹಿಡಿದು ಕಂಬದಿಂದ ಹೊಸ ಕೇಬಲ್ಲು ಎಳೆಸಿದ. ಒಳ್ಳೆಯ ದಪ್ಪದ ಕೇಬಲ್ಲೇ. ಆಫೀಸಿನವರು ಲೈನು ಕೊಡಲು ಬಂದಾಗ ಜಗಲಿಯ ಬೋರ್ಡಿನಿಂದ ಗೋಡೆ ದಾಟುತ್ತಿದ್ದ ನನ್ನ ಪೈಪನ್ನು ಕಂಡರು. ಒಂದು ಮೀಟರಿಗೆ ಒಂದೇ ಮನೆ, ಇದನ್ನು ಬಿಚ್ಚಿದರೆ ಕರೆಂಟು ಎಂದರು. ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಊರೆಲ್ಲ ಹೀಗೇ ಇರುವಾಗ ಕಾಯಿಲೆಯ ಮನೆ ಎಂದು ಕಣ್ಣು ಮುಚ್ಚಿಕೊಂಡಾರು ಎಂದುಕೊಂಡಿದ್ದೆ. ದೂರು ಬಂದ ಮನೆಯಲ್ಲಿ ಯಾರು ಕಣ್ಣು ಮುಚ್ಚಿಕೊಳ್ಳುತ್ತಾರೆ? ಪೈಪು ಬಿಚ್ಚಿದರು. ಅಣ್ಣನ ಮನೆಯಲ್ಲಿ ಲೈಟು ಹತ್ತಿತು, ಮೋಟಾರು ಓಡಿತು. ಯಾರ ಜೀವ ಉಳಿಯಲೆಂದು ಫೋನು ಮಾಡಿದ್ದೆನೋ ಅವಳ ಮನೆ ಒಂದೇ ಕತ್ತಲೆಯಲ್ಲಿ ಉಳಿಯಿತು.

ಈಗ ಬೇರೆ ಮೀಟರಿಲ್ಲದೆ ದಾರಿಯಿರಲಿಲ್ಲ, ಮೀಟರಿಗೆ ಸಹಿಯಿಲ್ಲದೆ ದಾರಿಯಿರಲಿಲ್ಲ. ಪಕ್ಕದ ಮನೆಯಿಂದ ಒಂದು ಲೈನು ಎಳೆದುಕೊಡಿ ಎಂದು ತಮ್ಮ ಬೇಡಿಕೊಂಡ. ಅಲ್ಲಿಯದೂ ಅದೇ ವಯಸ್ಸಿನ ವೈರು. ಅದರ ಮೇಲೆ ಇನ್ನೊಂದು ಮನೆ ಹೇರಲು ನಾನು ಒಪ್ಪಲಿಲ್ಲ. ಆ ಮನೆಯವರೂ ಅಣ್ಣನ ಮುಖ ನೋಡಿ ಹಿಂದೆ ಸರಿದರು. ನಾನು ಎರಡು ಮೂರು ಸಲ ಅಣ್ಣನ ಜಗಲಿ ಹತ್ತಿದೆ. ಪಂಚಾಯ್ತಿಯ ಸದಸ್ಯರೊಬ್ಬರನ್ನೂ ಕರೆದೊಯ್ದೆ.

"ನಮ್ಮಪ್ಪನ ಮನೆಗೆ ಕತ್ಲು ತಂದೋಳು ನೀನು. ನೀನ್ ತಂದ್ ಪೇಪರ್ಗೆ ನಾನ್ ಸೈನ್ ಆಕಕಿಲ್ಲ. ಬೇಕಾದ್ರೆ ಕೋರ್ಟಿಗ್ ಓಗ್ಲಿ ಅವ್ನು," ಎಂದ ಅಣ್ಣ.

ಮಳವಳ್ಳಿಯಿಂದ ಅವಳು ಫೋನು ಮಾಡುತ್ತಿದ್ದಳು. ಮೊದಮೊದಲು ಖುಷಿಯಾಗಿಯೇ ಮಾತಾಡಿದಳು. "ಇಲ್ಲಿ ಮಿಷಿನ್ ಕೂಗದೇ ಇಲ್ಲ ಕಣಕ್ಕ. ನಮ್ಮತ್ಗೆ ಚೆನ್ನಾಗ್ ನೋಡ್ಕತಾಳೆ. ನಮ್ಮನೆ ತಂತಿ ಏನಾಯ್ತು?" ಆಗುತ್ತೆ ಎಂದೆ. ಪ್ರತಿಸಲವೂ ಆಗುತ್ತೆ ಎಂದೇ ಹೇಳಿದೆ. ಬರಬರುತ್ತಾ ಮಾತಿಗಿಂತ ಉಸಿರಿನ ಸದ್ದೇ ಹೆಚ್ಚಾಯಿತು. ಕೊನೆಗೊಮ್ಮೆ ಹೇಳಿದಳು: "ಸಾಯದಾರೆ ನನ್ ಮಂಚದಲ್ಲೇ ಸಾಯ್ಬೇಕು ಅಂತ ಅಲ್ಲ ಕಣಕ್ಕ. ಎಲ್ ಸತ್ರೂ ಒಂದೇಯ. ವಸಿ ದಿನ ನನ್ ಮನೇಲಿ ಬದುಕ್ಬೇಕು ಅಂತ ಆಸೆ. ಇಲ್ಲಿ ನೆಂಟ್ರಂಗೆ ಮನಗಿವ್ನಿ." ಅವತ್ತು ಗುತ್ತಲಿನ ಸೈಟಿನಲ್ಲಿ ಎಲ್ಲರ ಮೇಲೂ ಕಾರಣವಿಲ್ಲದೆ ರೇಗಾಡಿದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ತೀರಿಕೊಂಡಳು. ಎಲ್ಲಿದ್ದರೂ ಇಷ್ಟೇ ದಿನ ಇತ್ತು ಎಂದು ಡಾಕ್ಟರು ಹೇಳಿದರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಸಂಕಟವಾಯಿತು. ಹೇಗಿದ್ದರೂ ಅಷ್ಟೇ ದಿನ ಎಂದಮೇಲೆ ಅವನ್ನು ಅವಳು ತನ್ನ ಮನೆಯಲ್ಲೇ ಕಳೆಯಬಹುದಿತ್ತಲ್ಲ.

ಹೆಣವನ್ನು ಊರಿಗೆ ತಂದರು. ತಿಥಿಯೂ ಅಲ್ಲೇ ನಡೆಯಿತು. ತಮ್ಮನ ಮನೆಯ ಮುಂದಿನ ಶಾಮಿಯಾನಕ್ಕೆ ಅಣ್ಣನೇ ತನ್ನ ಜಗಲಿಯಿಂದ ಲೈಟು ಹಾಕಿಸಿದ್ದ. ಮಳವಳ್ಳಿಯ ನೆಂಟರು ಆ ಲೈಟಿನ ಕಡೆಗೆ ನೋಡಿ ಊಟದ ಎಲೆಯ ಮುಂದೆ ಅನ್ನ ಕೆದಕುತ್ತಾ ಕೂತಿದ್ದರು. ಅವಳ ಅತ್ತಿಗೆ ಮಾತ್ರ, "ಸತ್ ಮ್ಯಾಕೆ ಕರೆಂಟು ಬಂತು ಕಣವ್ವ ನಿನ್ ಮನೆಗೆ," ಎಂದು ಎದೆ ಬಡಿದುಕೊಂಡು ಅತ್ತಳು. ನಾನು ಎದ್ದು ಹೊರಟಾಗ ಅಣ್ಣ ಸ್ಕೂಟರಿನ ಬಳಿ ಬಂದ. ಮುಖ ಎತ್ತಲಿಲ್ಲ.

"ಆ ಪೇಪ್ರು ಇದ್ದದಾ ಮೇಡಮ್ಮು? ಕೊಡಿ, ಸೈನ್ ಆಕ್ತೀನಿ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವನ ಮುಖದ ಮೇಲೆ ಹೇಳಬೇಕೆನ್ನಿಸಿತು. ಬ್ಯಾಗಿನಲ್ಲೇ ಇದ್ದ ಪೇಪರು ಕೊಟ್ಟೆ. ಸ್ಕೂಟರಿನ ಸೀಟಿನ ಮೇಲೆ ಇಟ್ಟುಕೊಂಡು ಸಹಿ ಹಾಕಿದ. ನನಗೆ ಕನಿಕರ ಬರಲಿಲ್ಲ.

ಮೀಟರು ಮಂಜೂರಾಯಿತು. ಕಂಬದಿಂದ ಹೊಸ ಕೇಬಲ್ಲು, ತಮ್ಮನ ಜಗಲಿಯಲ್ಲೇ ಬೋರ್ಡು, ಕೋಣೆಗೆ ಅದೇ ನಾಲ್ಕು ಎಂಎಂ. ಸಾಬರು ವೈರಿನ ಸುರುಳಿ ಬಿಚ್ಚುತ್ತಿದ್ದಾಗ ತಮ್ಮ ಬಂದು ನಿಂತ. "ಇಷ್ಟು ದಪ್ಪಂದ್ ಯಾಕಕ್ಕ ಇನ್ನ? ನಂಗೊಬ್ಬುನ್ಗೆ ಒಂದ್ ಬಲ್ಬು ಸಾಕು," ಎಂದ. ಅವನ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಒಂದು ಬಲ್ಬು, ಒಂದು ಫ್ಯಾನಿಗೆ ಒಂದು ಎಂಎಂ ವೈರು ಧಾರಾಳ. ನಾನು ಕೇಳಲಿಲ್ಲ, ದಪ್ಪದ್ದನ್ನೇ ಎಳೆಸಿದೆ.

ಲೈನು ಕೊಟ್ಟ ಸಂಜೆ ಕೋಣೆಗೆ ಹೋದೆ. ಮಂಚ ಅಲ್ಲೇ ಇತ್ತು, ಹಾಸಿಗೆ ಸುತ್ತಿಟ್ಟಿದ್ದರು. ಪ್ಲಗ್ಗಿಗೆ ಮೀಟರಿನ ಕಡ್ಡಿ ಇಟ್ಟೆ. ಗೋಡೆಯಾಚೆ ಮೇವಿನ ಮೋಟಾರು ಶುರುವಾಯಿತು. ಅಂಕಿ ಒಂದಿಷ್ಟು ಅಲುಗಾಡಿ ನಿಂತಿತು.

"ಎಷ್ಟ್ ತೋರುಸ್ತದೆ ಅಕ್ಕ?" ಎಂದ ತಮ್ಮ.

"ಇನ್ನೂರ ಹದಿನಾರು."

ಅವನು ಹತ್ತಿರ ಬಂದು ಬಗ್ಗಿ ನೋಡಿದ. "ಇಷ್ಟ್ ಇದ್ದಿದ್ರೆ ಅವ್ಳ ಮಿಷಿನ್ನಿಗೆ ಸಾಕಾಗದಾ?"

"ಸಾಕಾಗೋದು," ಎಂದೆ.

ಅವನು ಪ್ಲಗ್ಗಿನ ಸ್ವಿಚ್ಚನ್ನು ಆರಿಸಿ ಹೊರಗೆ ಹೋದ.